ಏರು ತಿದ್ದಿದ ಕಾರು

ಅಜ್ಜಂಪುರದ ಬಯಲಿನಲ್ಲಾಗಲಿ, ಕಡೂರು–ಬೀರೂರು ದಾಟಿ ತರೀಕೆರೆಗೆ ಹೋಗುವ ಹೆದ್ದಾರಿಯಲ್ಲಾಗಲಿ ಎಲ್ಲ ಕಾರುಗಳೂ ಒಳ್ಳೆಯವೇ. ಲಿಂಗದಹಳ್ಳಿ ಬಳಸಿ, ಕಲ್ಲತ್ತಿಗಿರಿ ಹಾಯ್ದು, 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯ ಏರು ಹಿಡಿದಾಗಲೇ ಅವುಗಳ ಯೋಗ್ಯತೆ ಗೊತ್ತಾಗುವುದು. ರೋಲ್ಸ್‌ರಾಯ್ಸ್ ಕಂಪನಿಗೆ ಜಗತ್ತಿನಲ್ಲೇ ಶ್ರೇಷ್ಠವೆಂಬ ಹೆಸರು ತಂದುಕೊಟ್ಟ ‘ಸಿಲ್ವರ್ ಘೋಸ್ಟ್’ ಕಾರನ್ನೂ ಇದೇ ಒರೆಗಲ್ಲಿಗೆ ತಿಕ್ಕಿ ನೋಡಬೇಕು. ಬಯಲು ಅದನ್ನು ಹೊಗಳಿತು, ಘಾಟಿ ತಿದ್ದಿತು.

ಹೊಗಳಿಕೆಗೆ ಕಾರಣವಿತ್ತು. ಆರು ಸಿಲಿಂಡರಿನ ಎಂಜಿನ್ ಹೆನ್ರಿ ರಾಯ್ಸ್‌ನ ಸ್ವಂತ ಕಲ್ಪನೆಯಲ್ಲ. ನೇಪಿಯರ್ ಕಂಪನಿ ಅವನಿಗಿಂತ ಮೊದಲೇ ಮಾಡಿತ್ತು. ಆದರೆ ಅಂಥ ಎಂಜಿನ್ನಿಗೊಂದು ರೋಗವಿತ್ತು. ಆರು ಕಡೆಯಿಂದ ಸರದಿಯಲ್ಲಿ ಬೀಳುವ ಹೊಡೆತಕ್ಕೆ ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತಿತ್ತು. ಒಂದು ನಿರ್ದಿಷ್ಟ ವೇಗದಲ್ಲಿ ಆ ಕಂಪನ ಹೆಚ್ಚಿ ಶಾಫ್ಟೇ ಮುರಿಯುವ ಭಯ. ರಾಯ್ಸ್‌ನ ಹಿಂದಿನ 30 ಅಶ್ವಶಕ್ತಿಯ ಕಾರನ್ನು ಕಾಡಿದ್ದೂ ಇದೇ. 1906ರ ಹೊಸ ಕಾರಿನಲ್ಲಿ ಅವನು ಶಾಫ್ಟನ್ನು ದಪ್ಪ ಮಾಡಿದ, ಏಳು ಬೇರಿಂಗುಗಳ ಮೇಲೆ ಕೂರಿಸಿದ, ಮೂರು ಮೂರು ಸಿಲಿಂಡರುಗಳ ಎರಡು ಭಾಗಗಳು ಕನ್ನಡಿಯ ಬಿಂಬದಂತೆ ಒಂದಕ್ಕೊಂದು ಎದುರಾಗುವ ಹಾಗೆ ಜೋಡಿಸಿದ, ಬೇರಿಂಗುಗಳಿಗೆ ಒತ್ತಡದಲ್ಲಿ ಎಣ್ಣೆ ಹಾಯಿಸಿದ. ಒಂದೊಂದಾಗಿ ನೋಡಿದರೆ ಇದರಲ್ಲಿ ಬೆರಗಾಗುವಂಥದ್ದೇನಿಲ್ಲ. ಒಟ್ಟಾಗಿ ಸದ್ದಿಲ್ಲದ ಎಂಜಿನ್ ಹುಟ್ಟಿತು.

1908ರಲ್ಲಿ ‘ಪರ್ಲ್ ಆಫ್ ದಿ ಈಸ್ಟ್’ ಎಂಬ ಸಿಲ್ವರ್ ಘೋಸ್ಟ್ ಮುಂಬೈ–ಕೊಲ್ಹಾಪುರ ಸ್ಪರ್ಧೆಯಲ್ಲಿ ನಮ್ಮದೇ ಸಹ್ಯಾದ್ರಿಯ ಘಾಟಿಗಳನ್ನು ಹತ್ತಿಳಿದು ಗೆದ್ದಿತು. ಆಮೇಲೆ ಗ್ವಾಲಿಯರ್ ಮಹಾರಾಜರ ಪಾಲಾಯಿತು. ಆ ಗೆಲುವೇ ಕಂಪನಿಯನ್ನು ಮೈಮರೆಸಿತೋ ಏನೋ.

ಮರುವರ್ಷ ಗೇರುಗಳು ನಾಲ್ಕರಿಂದ ಮೂರಕ್ಕಿಳಿದವು. ಕಿತ್ತದ್ದು ಸಪಾಟು ರಸ್ತೆಯ ಓಟದ ಗೇರನ್ನೇ, ನಿಜ. ಆದರೆ ಉಳಿದ ಮೂರರಲ್ಲಿ ನಿಜಕ್ಕೂ ಕಡಿದಾದ ಏರಿಗೆ ತಕ್ಕ ಫಸ್ಟ್ ಗೇರ್ ಇರಲಿಲ್ಲ. ಅಂದಿನ ಸಿರಿವಂತ ಗಿರಾಕಿಗೆ ಗೇರ್ ಬದಲಿಸುವುದೇ ಒಂದು ಕಿರಿಕಿರಿ. ಅವನನ್ನು ಒಲಿಸಲು ಕಂಪನಿ 1911ರಲ್ಲಿ ಲಂಡನ್ನಿನಿಂದ ಎಡಿನ್‌ಬರೋವರೆಗೆ ಟಾಪ್ ಗೇರಿನಲ್ಲೇ ಕಾರು ಓಡಿಸಿ ತೋರಿಸಿತು. ಅದು ಎಂಜಿನ್ನಿನ ಬಲಕ್ಕೆ ಸಾಕ್ಷಿ, ಒಪ್ಪೋಣ. ಗೇರ್‌ಬಾಕ್ಸ್ ಬಗ್ಗೆ ಅದು ಏನನ್ನೂ ಹೇಳಲಿಲ್ಲ. ಹೇಳಿದ್ದು ಆಸ್ಟ್ರಿಯಾದ ಕಾಟ್ಶ್‌ಬರ್ಗ್ ಕಣಿವೆದಾರಿ. 1912ರ ಆಲ್ಪ್ಸ್ ಸ್ಪರ್ಧೆಯಲ್ಲಿ ಜೇಮ್ಸ್ ರಾಡ್ಲಿಯ ಸಿಲ್ವರ್ ಘೋಸ್ಟ್ ಅಲ್ಲಿ ಏರಲಾರದೆ ನಿಂತಿತು. ಜನರನ್ನು ಇಳಿಸಿದ ಮೇಲಷ್ಟೇ ಅದು ಮತ್ತೆ ಹೊರಟದ್ದು. ನಮ್ಮ ಘಾಟಿಗಳಲ್ಲಿ ಹಳೆಯ ಬಸ್ಸುಗಳು ಮಾಡಿಸುತ್ತಿದ್ದ ಕೆಲಸ!

ಕಂಪನಿಯ ನಿಜವಾದ ಹೆಚ್ಚುಗಾರಿಕೆ ಕಾಣುವುದು ಈ ಅವಮಾನದ ನಂತರವೇ. ಜಾಹೀರಾತಿನಲ್ಲಿ ಸಮಜಾಯಿಷಿ ಹುಡುಕುವ ಬದಲು ಅದು ಕಾರನ್ನು ಬಿಚ್ಚಿ ಕೂತಿತು. 1913ರ ಸ್ಪರ್ಧೆಗೆ ನಾಲ್ಕು ಗೇರುಗಳು ಮರಳಿದವು. ಈ ಬಾರಿ ಏರಿಗೆ ಬೇಕಾದ ಫಸ್ಟ್ ಗೇರ್ ಸಹಿತ. ಎಂಜಿನ್ ಶಕ್ತಿ ಏರಿತು, ರೇಡಿಯೇಟರ್ ದೊಡ್ಡದಾಯಿತು. ಅದೇ ಆಲ್ಪ್ಸ್‌ನಲ್ಲಿ ಕಾರುಗಳು ಮಾನ ಉಳಿಸಿಕೊಂಡವು. ಸ್ಪರ್ಧೆಯ ಕಾರಿನಲ್ಲಿ ಪಳಗಿದ ತಿದ್ದುಪಡಿಗಳು ಮಾರಾಟದ ಕಾರಿಗೂ ಬಂದವು.

ಏರುವ ಸಮಸ್ಯೆಗೆ ಒಂದೇ ವರ್ಷದಲ್ಲಿ ಉತ್ತರ ಕಂಡವರು ಇಳಿಯುವ ಸಮಸ್ಯೆಯನ್ನು ಮಾತ್ರ ಹನ್ನೊಂದು ವರ್ಷ ಮುಂದೂಡಿದರು. ನಡುವೆ ಮಹಾಯುದ್ಧ ಬಂತೆಂಬ ರಿಯಾಯಿತಿ ಕೊಟ್ಟರೂ ಇದು ಸಣ್ಣ ಲೋಪವಲ್ಲ. ಅಷ್ಟು ಭಾರದ ಕಾರಿಗೆ ಬ್ರೇಕ್ ಇದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂಚಕ್ರದ ಹಿಡಿತ ಸಡಿಲವಾಗುತ್ತದೆ. ಕೆಮ್ಮಣ್ಣುಗುಂಡಿಯಿಂದ ಇಳಿಯುವ ಯಾವ ಚಾಲಕನಿಗೂ ಇದನ್ನು ವಿವರಿಸಬೇಕಿಲ್ಲ. ಹಿಸ್ಪಾನೊ-ಸುಯಿಜಾ ಕಂಪನಿಯ ಮಾರ್ಕ್ ಬಿರ್ಕಿಗ್ಟ್ 1919ರಲ್ಲೇ ನಾಲ್ಕೂ ಚಕ್ರಗಳಿಗೆ ಬ್ರೇಕ್ ಇಟ್ಟು, ಓಡುವ ಕಾರಿನ ಬಲವನ್ನೇ ಗೇರ್‌ಬಾಕ್ಸ್ ಮೂಲಕ ಪಡೆದು ಬ್ರೇಕಿಗೆ ನೆರವಾಗುವ ಏರ್ಪಾಡು ಮಾಡಿದ್ದ. ಚಾಲಕ ಹಗುರವಾಗಿ ತುಳಿದರೂ ಸಾಕಿತ್ತು. ರೋಲ್ಸ್‌ರಾಯ್ಸ್ ಕೊನೆಗೆ ಆ ವಿನ್ಯಾಸಕ್ಕೇ ಮೊರೆಹೋಗಿ 1924ರಲ್ಲಿ ಅದನ್ನು ಅಳವಡಿಸಿಕೊಂಡಿತು. 1925ರಲ್ಲಿ ಸಿಲ್ವರ್ ಘೋಸ್ಟ್‌ನ ಜಾಗಕ್ಕೆ ಫ್ಯಾಂಟಮ್ ಬಂತು. ಮುಂಚಕ್ರದ ಬ್ರೇಕಿನೊಂದಿಗೆ ಕಾರ್ಖಾನೆ ಬಿಟ್ಟದ್ದು ಕಟ್ಟಕಡೆಯ ಸಿಲ್ವರ್ ಘೋಸ್ಟ್‌ಗಳಷ್ಟೇ.