ಅಮಾನತಾದ ಮದುವೆಯ ಹಕ್ಕು

ತೀರ್ಪುಗಳನ್ನು ನಾವು ಸಾಮಾನ್ಯವಾಗಿ ಗೆದ್ದವರು ಯಾರು, ಸೋತವರು ಯಾರು ಎಂದಷ್ಟೇ ಓದುತ್ತೇವೆ. ಆದರೆ ಕೆಲವನ್ನು ಅವುಗಳ ಭಾಷೆಗಾಗಿಯೇ ಓದಬೇಕು. 1998ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕೊಟ್ಟ, ಕಾನೂನು ಪುಸ್ತಕಗಳಲ್ಲಿ 'ಮಿಸ್ಟರ್ ಎಕ್ಸ್ ವಿರುದ್ಧ ಹಾಸ್ಪಿಟಲ್ ಝಡ್' ಎಂದು ಹೆಸರಾದ ತೀರ್ಪು ಅಂಥದ್ದು.

ಸಂಗತಿ ಇಷ್ಟು. ಒಬ್ಬ ವೈದ್ಯರು ರೋಗಿಯೊಬ್ಬರಿಗಾಗಿ ರಕ್ತ ಕೊಡಲು ಹೋದರು. ಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ತಿಳಿಯಿತು. ಸುದ್ದಿ ಆಸ್ಪತ್ರೆಯಿಂದ ಹೊರಬಿತ್ತು. 1995ರ ಡಿಸೆಂಬರ್‌ನಲ್ಲಿ ಆಗಬೇಕಿದ್ದ ಮದುವೆ ಮುರಿಯಿತು. ಜನರ ಬಾಯಿಗೆ ಬಿದ್ದ ಅವರು ತಮ್ಮ ರಾಜ್ಯವನ್ನೇ ಬಿಡಬೇಕಾಯಿತು. ರೋಗಿಯ ಗುಟ್ಟು ಕಾಯಬೇಕಾದ ಆಸ್ಪತ್ರೆಯೇ ಅದನ್ನು ಬಯಲು ಮಾಡಿತೆಂದು ಅವರು ಪರಿಹಾರ ಕೇಳಿದರು.

ಕೋರ್ಟು ಕೊಡಲಿಲ್ಲ. ಖಾಸಗಿತನದ ಹಕ್ಕು ಇದೆ, ಆದರೆ ಮದುವೆಯಾಗಲಿದ್ದ ಹುಡುಗಿಗೂ ಆರೋಗ್ಯವಾಗಿ ಬದುಕುವ ಹಕ್ಕಿದೆ, ಎರಡೂ ಎದುರುಬದುರಾದಾಗ ಆಕೆಯದೇ ಮೇಲು ಎಂದಿತು. ಇಲ್ಲಿಯವರೆಗೆ ನಮ್ಮ ತಕರಾರಿಲ್ಲ. ಹೆಣ್ಣಿಗೆ ತಿಳಿಯಲೇಬೇಕಾದದ್ದನ್ನು ಮುಚ್ಚಿಟ್ಟು ಮದುವೆ ಮುಗಿಸುವುದು ನಮ್ಮ ಸಮಾಜಕ್ಕೆ ಹೊಸದೇನಲ್ಲ. ಗಂಡನಿಂದ ಸೋಂಕು ಪಡೆದು, ಅವನು ಹೋದ ಮೇಲೆ ಅತ್ತೆಮನೆಯವರಿಂದ ಬೈಗುಳವನ್ನೂ ಪಡೆದ ಹೆಂಗಸರು ನಮ್ಮ ರಾಜ್ಯದಲ್ಲೂ ಇದ್ದಾರೆ.

ತಕರಾರು ಇರುವುದು ಮುಂದಿನ ಪುಟಗಳಲ್ಲಿ. ಆ ಹುಡುಗಿಯನ್ನು ಕಾಪಾಡಲು ಆಕೆಗೆ ವಿಷಯ ತಿಳಿಸಿದರೆ ಸಾಕಿತ್ತು. ಪೀಠ ಅಲ್ಲಿಗೆ ನಿಲ್ಲಲಿಲ್ಲ. ಇಂಥ ರೋಗ ಇರುವವರ ಮದುವೆಯ ಹಕ್ಕು, ರೋಗ ಗುಣವಾಗುವ ತನಕ, ಅಮಾನತಿನಲ್ಲಿರುತ್ತದೆ ಎಂದು ಸಾರಿತು. ಗುಣವಾಗದ ಸೋಂಕಿಗೆ ಗುಣವಾಗುವ ತನಕ ಎಂಬ ಗಡುವು! ಸರ್ಕಾರಿ ನೌಕರನ ಅಮಾನತಾದರೂ ಒಂದು ದಿನ ಮುಗಿಯುತ್ತದೆ. ಎಲ್ಲವನ್ನೂ ಹೇಳಿ, ಕೇಳಿ, ಒಪ್ಪಿ ಮದುವೆಯಾಗುವ ಇಬ್ಬರಿಗೆ ಈ ಮಾತಿನಲ್ಲಿ ಜಾಗವೇ ಉಳಿಯಲಿಲ್ಲ.

ಪೀಠ ಆಧಾರವಾಗಿ ಹಿಡಿದದ್ದು ವಿಚ್ಛೇದನದ ಕಾನೂನುಗಳನ್ನು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯೂ ಅವುಗಳಲ್ಲಿ ಒಂದು. ಗಂಡನಿಗೆ ಉಗ್ರವಾದ ಲೈಂಗಿಕ ರೋಗವಿದ್ದರೆ ಹೆಂಡತಿ ಬಿಡುಗಡೆ ಕೇಳಬಹುದು ಎನ್ನುತ್ತದೆ ಆ ಕಾಯ್ದೆ. ಕೇಳಲೇಬೇಕು ಎನ್ನುವುದಿಲ್ಲ. ಹೆಂಡತಿಯ ಕೈಗೆ ಕೊಟ್ಟ ಕೀಲಿಕೈಯನ್ನು ಪೀಠ ಬಾಗಿಲ ಬೀಗ ಮಾಡಿಕೊಂಡಿತು. (ಅದೇ ಸಾಲಿನಲ್ಲಿದ್ದ ಕುಷ್ಠರೋಗವನ್ನು 2019ರಲ್ಲಿ ಸಂಸತ್ತು ತೆಗೆದುಹಾಕಿತು.)

ಇಷ್ಟು ದೂರ ಹೋಗುವಂತೆ ಮಾಡಿದ್ದೇನು? ಏಡ್ಸ್ ಎಂಬುದು ಹತೋಟಿ ತಪ್ಪಿದ ಕಾಮದ ಫಲ ಎಂಬರ್ಥದ ಮಾತು ತೀರ್ಪಿನಲ್ಲಿದೆ. ರೋಗಿಗಳ ಬಗ್ಗೆ ಸಹಾನುಭೂತಿ ಇರಬೇಕೆಂಬ ಮಾತೂ ಇದೆ, ನಿಜ. ಆದರೆ ಈ ವೈದ್ಯರಿಗೆ ಸೋಂಕು ಹೇಗೆ ಬಂತೆಂಬುದು ಪ್ರಕರಣದ ಪ್ರಶ್ನೆಯೇ ಆಗಿರಲಿಲ್ಲ. ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುವಿಗೂ ಬರುವ ವೈರಸ್ಸಿನ ವಿಷಯದಲ್ಲಿ ನಡತೆಯ ಸರ್ಟಿಫಿಕೇಟು ಏಕೆ? ದಾಂಪತ್ಯದಾಚೆಯ ಸಂಬಂಧವನ್ನು ಪಾಪವೆನ್ನುವವರಲ್ಲಿ ನಾವೂ ಇದ್ದೇವೆ. ಆದರೂ ಪಾಪದ ಲೆಕ್ಕ ಬೇರೆ, ಸೋಂಕಿನ ಲೆಕ್ಕ ಬೇರೆ. ಆರೋಗ್ಯದ ಹೆಸರಲ್ಲಿ ಹಾಕುವ ಕಟ್ಟಿಗೆ ಒಂದು ಅಳತೆಯಿದೆ: ಯಾರಿಗೆ ಅಪಾಯ, ಎಷ್ಟು, ತಪ್ಪಿಸಲು ಏನು ಸಾಕು. ನೀತಿಯ ಸಿಟ್ಟು ಈ ಯಾವ ಪ್ರಶ್ನೆಯನ್ನೂ ಕೇಳಿಕೊಳ್ಳುವುದಿಲ್ಲ.

ಕಾನೂನು ಹೀಗೆ ಗಾಬರಿಬಿದ್ದದ್ದು ಅದೇ ಮೊದಲಲ್ಲ. 1989ರಲ್ಲಿ ಗೋವಾದಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಪೊಲೀಸರು ಹಿಡಿದು, ಕ್ಷಯರೋಗಿಗಳ ಆಸ್ಪತ್ರೆಯೊಂದರಲ್ಲಿ 64 ದಿನ ಕೂಡಿಹಾಕಿದರು. ಅಲ್ಲಿನ ಸಾರ್ವಜನಿಕ ಆರೋಗ್ಯ ಕಾಯ್ದೆಯೇ ಅದಕ್ಕೆ ಅಧಿಕಾರ ಕೊಟ್ಟಿತ್ತು. ತಾಯಿ ಲೂಸಿ ಬಾಂಬೆ ಹೈಕೋರ್ಟಿಗೆ ಹೋದರೂ ಆ ಕಲಮು ರದ್ದಾಗಲಿಲ್ಲ. ಮುಟ್ಟಿದರೆ ಹರಡದ ಸೋಂಕಿಗೆ ಸಿಡುಬಿನ ಕಾಲದ ಮದ್ದು. ಆತನ ವಿಷಯ ತಿಳಿದದ್ದೂ ರಕ್ತದಾನದಿಂದಲೇ! ಇದನ್ನೆಲ್ಲ ಕಂಡವರು ಪರೀಕ್ಷೆಗೆ ತಾವಾಗಿ ಬಂದಾರೆಯೇ? ಬಾರದಿದ್ದರೆ ಸೋಂಕು ಯಾರಿಗೂ ತಿಳಿಯದೆ ಹಬ್ಬುತ್ತದೆ. ಸಾರ್ವಜನಿಕ ಆರೋಗ್ಯವನ್ನು ಕಾಯಲು ಹೊರಟವರಿಗೆ ಈ ಸರಳ ಸಂಗತಿ ಹೊಳೆಯಲಿಲ್ಲ.

2002ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ, ಮದುವೆಯ ಹಕ್ಕಿನ ಬಗ್ಗೆ ಹಿಂದೆ ಆಡಿದ ಮಾತು ಆ ಪ್ರಕರಣಕ್ಕೆ ಬೇಕಿರಲಿಲ್ಲ ಎಂದಿತು. 2004ರಲ್ಲಿ ಸರ್ಕಾರ ಉಚಿತ ಎಆರ್‌ಟಿ ಔಷಧಿ ಕೊಡಲು ತೊಡಗಿತು. ಅದನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಸ್ಸು ಪತ್ತೆಯಾಗದಷ್ಟು ತಗ್ಗಿ ಹಾಗೆಯೇ ಉಳಿದರೆ ಅದು ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲವೆಂದು ಇಂದು ವೈದ್ಯಶಾಸ್ತ್ರ ಹೇಳುತ್ತದೆ.

2018ರಲ್ಲಿ ಜಾರಿಗೆ ಬಂದ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಒಂಬತ್ತನೆಯ ಕಲಮು ಈ ತಕ್ಕಡಿಯನ್ನು ಹೆಚ್ಚು ಎಚ್ಚರದಿಂದ ಹಿಡಿದಿದೆ. ಸಂಗಾತಿಗೆ ನಿಜವಾದ ಅಪಾಯವಿದ್ದರೆ ವೈದ್ಯರು ತಿಳಿಸಬಹುದು. ಆದರೆ ಮೊದಲು ಸೋಂಕಿತರೇ ಹೇಳುವಂತೆ ತಿಳಿಹೇಳಬೇಕು, ಅವರು ಹೇಳಲಾರರೆಂದು ಖಾತ್ರಿಯಾಗಬೇಕು, ತಾವು ಹೇಳಲಿದ್ದೇವೆಂದು ಅವರಿಗೆ ತಿಳಿಸಬೇಕು. ಹೇಳಿದರೆ ಹೊಡೆತಬಡಿತವೋ ಮನೆಯಿಂದ ಹೊರಹಾಕುವುದೋ ಆದೀತೆಂಬ ಭಯವಿದ್ದಲ್ಲಿ, ಮುಖ್ಯವಾಗಿ ಹೆಂಗಸರ ವಿಷಯದಲ್ಲಿ, ಹೇಳಕೂಡದು. 1995ರಲ್ಲಿ ಇಷ್ಟು ಇದ್ದಿದ್ದರೆ ಊರಿಗೆಲ್ಲ ಹೋದ ಸುದ್ದಿ ಒಬ್ಬಳ ಕಿವಿಗಷ್ಟೇ ಹೋಗುತ್ತಿತ್ತು. ಮದುವೆ ಬೇಕೋ ಬೇಡವೋ ಎಂದು ಹೇಳುವವಳೂ ಅವಳೇ ಆಗಿರುತ್ತಿದ್ದಳು.