ಮುದಿ ಎತ್ತಿನ ಲೆಕ್ಕ

ಸಂಪ್ರದಾಯವಾದಿ ರಾಜಕಾರಣದ ದೊಡ್ಡ ಹೆಮ್ಮೆ ಅಂದ್ರೆ ವ್ಯವಹಾರಜ್ಞಾನ. ಕ್ರಾಂತಿಕಾರಿಗಳು ಪುಸ್ತಕ ನೋಡಿ ಸಮಾಜ ಕಟ್ಟೋಕೆ ಹೊರಡ್ತಾರೆ, ನಾವು ಜನ ಬದುಕಿ ತಿಳಿದಿದ್ದನ್ನ ನಂಬ್ತೀವಿ ಅನ್ನೋದು ಅವರ ವಾದ. 1790ರಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಟೀಕಿಸಿ ಬರೆದ ಎಡ್ಮಂಡ್ ಬರ್ಕ್ ವಾದಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಈ ಮಾತಿನಲ್ಲಿ ಹುರುಳಿದೆ. ಅದಕ್ಕೇ ಅದನ್ನ ನಮ್ಮ ಕಡೆಯ ಕೊಟ್ಟಿಗೆಯಲ್ಲಿ ಇಟ್ಟು ನೋಡಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಕಾರಹುಣ್ಣಿಮೆ ಬಂದ್ರೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜೆ ಮಾಡ್ತಾರೆ. ಅದೇ ಎತ್ತಿಗೆ ವಯಸ್ಸಾಗಿ ನೊಗ ಎಳೆಯೋಕೆ ಆಗದಿದ್ದಾಗ ಸಂತೆಗೆ ಹೊಡ್ಕೊಂಡು ಹೋಗ್ತಿದ್ರು. ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಹೋರಿಕರ ತರ್ತಿದ್ರು. ಆ ಎತ್ತು ಮುಂದೆ ಎಲ್ಲಿಗೆ ಹೋಯ್ತು ಅಂತ ಮನೇಲಿ ಯಾರೂ ಕೇಳ್ತಿರಲಿಲ್ಲ. ಇದನ್ನ ಬೂಟಾಟಿಕೆ ಅನ್ನೋರಿದ್ದಾರೆ. ನಾನು ಅನ್ನಲ್ಲ. ಭಕ್ತಿಯನ್ನೂ ಮೇವಿನ ಖರ್ಚನ್ನೂ ಒಟ್ಟಿಗೆ ತೂಗಿಸೋಕೆ ತಲೆಮಾರುಗಳು ಕಂಡುಕೊಂಡ ದಾರಿ ಅದು.

1964ರ ರಾಜ್ಯದ ಕಾಯ್ದೆಯೂ ಈ ದಾರಿಯನ್ನ ಮುಚ್ಚಿರಲಿಲ್ಲ. ಹಸು, ಕರುವನ್ನು ಕೊಲ್ಲುವಂತಿರಲಿಲ್ಲ. 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಪೂರ್ತಿ ಬಾರದಂತಾದ ಎತ್ತಿಗೆ ಪ್ರಮಾಣಪತ್ರ ಪಡೆದು ಅವಕಾಶವಿತ್ತು. ಯಡಿಯೂರಪ್ಪನವರ ಸರ್ಕಾರದ 2020ರ ಕಾಯ್ದೆ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನ ಬಿಟ್ಟು ಉಳಿದೆಲ್ಲಕ್ಕೂ ನಿಷೇಧ ಹಾಕಿತು. ಕೊಂದರೆ 3ರಿಂದ 7 ವರ್ಷ ಜೈಲು. ವಧೆಗೆ ಅಂತ ಮಾರೋದೂ ಅಪರಾಧ.

ಬರ್ಕ್‌ನ ಅಳತೆಯಲ್ಲಿ ನೋಡಿದ್ರೆ ಸಂಪ್ರದಾಯವಾದಿ ಕಾಯ್ದೆ 1964ರದ್ದು. 2020ರದ್ದು ರೂಢಿಯನ್ನ ಬದಿಗೊತ್ತಿ, ಪುಸ್ತಕದ ತತ್ವವನ್ನ ಕೊಟ್ಟಿಗೆಗೆ ನುಗ್ಗಿಸಿದ ಕ್ರಾಂತಿಕಾರಿ ಕೆಲಸ.

ನಂಬಿಕೆ ವಿಷಯದಲ್ಲಿ ಲಾಭನಷ್ಟ ನೋಡಬಾರದು ಅಂತ ಸಮರ್ಥಕರು ಹೇಳಬಹುದು. ಒಪ್ಪೋಣ. ಆದರೆ ಆ ನಿಯಮ ಪಕ್ಷಕ್ಕೂ ಇರಬೇಕಲ್ಲ? 2017ರ ಜುಲೈನಲ್ಲಿ ಅದೇ ಪಕ್ಷದ ಮುಖ್ಯಮಂತ್ರಿ ಮನೋಹರ ಪರಿಕ್ಕರ್, ಗೋವಾದಲ್ಲಿ ದನದ ಮಾಂಸಕ್ಕೆ ಕೊರತೆ ಆಗದಂತೆ ಬೆಳಗಾವಿಯಿಂದ ತರಿಸೋ ದಾರಿ ಇದೆ ಅಂತ ವಿಧಾನಸಭೆಯಲ್ಲೇ ಹೇಳಿದ್ದರು. ಗೋವಾದ ಜನಜೀವನ ನೋಡಿ ಆಡಿದ ಆ ಮಾತಿನಲ್ಲಿ ತಪ್ಪೇನಿಲ್ಲ. ಅಷ್ಟೇ ರಿಯಾಯಿತಿ ಜಗಳೂರಿನ ರೈತನಿಗೆ ಯಾಕಿಲ್ಲ ಅನ್ನೋದು ನನ್ನ ಪ್ರಶ್ನೆ. ಭದ್ರಾ ನಾಲೆಯ ನೀರು ಹರಿಯೋ ಕಡೆ ಭತ್ತದ ಹುಲ್ಲಾದ್ರೂ ಸಿಗುತ್ತೆ. ಬರದ ಸೀಮೆಯಲ್ಲಿ, ಗೇಯದ ಎತ್ತಿಗೆ ಹಾಕೋ ಮೇವು ಹಾಲು ಕೊಡೋ ಹಸುವಿನ ಪಾಲಿನದ್ದು.

ಗೋಶಾಲೆಗೆ ಬಿಡಿ ಅಂತ ನಗರದಲ್ಲಿ ಕೂತು ಹೇಳೋದು ಸುಲಭ. ಆದರೆ ಮುದಿ ಎತ್ತಿನಿಂದ ಬರ್ತಿದ್ದ ದುಡ್ಡು, ಹೊಸ ಜೊತೆಯ ಮೊದಲ ಕಂತು, ಅದನ್ನ ಯಾವ ಗೋಶಾಲೆಯೂ ಕೈಗೆ ಕೊಡಲ್ಲ. ಪಕ್ಷಕ್ಕೆ ಬೇಕಾದಾಗ ಸಿಗೋ ವ್ಯವಹಾರಜ್ಞಾನ ರೈತನಿಗೆ ಸಿಗದಿದ್ರೆ, ಅದನ್ನ ಚಿಂತನೆ ಅಂತ ಕರೆಯೋಕಾಗಲ್ಲ. ಎತ್ತು ಎಲ್ಲರ ದೇವರು ಅಂತಾದ್ರೆ, ಅದರ ಮೇವಿನ ಬಿಲ್ಲನ್ನೂ ಎಲ್ಲರೂ ಸೇರಿ ಕಟ್ಟಬೇಕು.