ವಸ್ತುನಿರ್ದೇಶವೂ ಕಿರು ವಿಡಿಯೋಗಳ ಆರಂಭವೂ

ಕೃತಿಯ ಆರಂಭ ಹೇಗಿರಬೇಕೆಂಬ ಪ್ರಶ್ನೆ ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ಮಹಾಕಾವ್ಯದ ಮುಖವು ಆಶೀರ್ವಾದ, ನಮಸ್ಕಾರ, ವಸ್ತುನಿರ್ದೇಶ ಇವುಗಳಲ್ಲೊಂದಾಗಿರಬಹುದೆಂದು ದಂಡಿಯು ಕಾವ್ಯಾದರ್ಶದಲ್ಲಿ ವಿಧಿಸಿದ್ದಾನೆ. ಈ ವಿಭಾಗವು ಇಂದಿನ ಕಿರು ವಿಡಿಯೋಗಳ ವಿಮರ್ಶೆಗೂ ಒದಗಬಲ್ಲುದು.

2020ರ ಜೂನ್ 29ರಂದು ಟಿಕ್‌ಟಾಕ್ ಭಾರತದಲ್ಲಿ ನಿಷಿದ್ಧವಾಯಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಇಲ್ಲಿಗೆ ಬಂದವು. ಮೊದಲು 60 ಸೆಕೆಂಡುಗಳಿದ್ದ ಶಾರ್ಟ್ಸ್‌ನ ಮಿತಿ 2024ರ ಅಕ್ಟೋಬರಿನಲ್ಲಿ 3 ನಿಮಿಷಗಳಿಗೇರಿತು. ಅವಧಿ ಹಿಗ್ಗಿದರೂ ಪ್ರೇಕ್ಷಕನ ಸ್ವಭಾವ ಬದಲಾಗಲಿಲ್ಲ. ಹರಿಕಥೆಗೆ ಬಂದು ಕುಳಿತವನು ಪೀಠಿಕೆ ಮುಗಿಯುವವರೆಗೆ ಕಾಯುತ್ತಾನೆ. ಇಲ್ಲಿನವನು ಬೆರಳನ್ನು ಸರಿಸಿದೊಡನೆ ಸಭೆಯಿಂದ ಎದ್ದುಹೋದಂತೆಯೇ.

ಒಂದು ನಿದರ್ಶನವನ್ನು ಪರಿಶೀಲಿಸಬಹುದು. ಹೈದರಾಬಾದಿಗೆ ದೂರವಲ್ಲದ ಕರೀಂನಗರ ಸೀಮೆಯ ಕುರಿಕ್ಯಾಲದ ಬೆಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭನು ಕೆತ್ತಿಸಿದ ಶಾಸನವಿದೆ. ಅದರ ಭಾಷೆಗಳು ಕನ್ನಡ, ಸಂಸ್ಕೃತ, ತೆಲುಗು ಮೂರು. ಇದನ್ನು ಕುರಿತ ವಿಡಿಯೋ "ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ" ಎಂದು ತೊಡಗಿದರೆ ಅದು ನಮಸ್ಕಾರದ ಮಾರ್ಗ. ಸೌಜನ್ಯವಿದೆ, ಆದರೆ ಬಂಡೆ ಕಾಣುವುದರೊಳಗೆ ನೋಡುಗನಿಲ್ಲ. "ಪಂಪನ ಬಗ್ಗೆ ಮುಚ್ಚಿಟ್ಟ ರಹಸ್ಯ!" ಎಂದು ತೊಡಗಿದರೆ ನೋಡುಗನು ನಿಲ್ಲುವನು; ಆದರೆ ಬಂಡೆಯ ಮೇಲೆ ಬಯಲಿನಲ್ಲಿ ಕೆತ್ತಿಸಿದುದನ್ನು ಮುಚ್ಚಿಟ್ಟವರಾರು? ಮೊದಲ ಚಿತ್ರದಲ್ಲಿಯೇ ಅಕ್ಷರಗಳನ್ನು ತೋರಿ, "ಪಂಪನ ತಮ್ಮ ಮೂರು ಭಾಷೆಗಳಲ್ಲಿ ಶಾಸನ ಕೆತ್ತಿಸಿದ್ದು ಇಲ್ಲಿ" ಎಂದರೆ ಅದು ವಸ್ತುನಿರ್ದೇಶ. ಏಕೆ ಮೂರು ಎಂಬ ಕುತೂಹಲ ತಾನಾಗಿಯೇ ಹುಟ್ಟುತ್ತದೆ.

ಆಕರ್ಷಣೆಯೇ ದೋಷವೆಂದು ಇದರ ಅರ್ಥವಲ್ಲ. ಪ್ರೇಕ್ಷಕರನ್ನು ನಾಟಕದತ್ತ ಒಲಿಸುವ ಪ್ರರೋಚನೆಗೆ ನಾಟ್ಯಶಾಸ್ತ್ರವೇ ಸ್ಥಾನವಿತ್ತಿದೆ. ಆದರೆ ಪ್ರರೋಚನೆಯು ಮುಂದೆ ಆಡಲಿರುವ ನಾಟಕದ್ದೇ ಆಗಿರಬೇಕು. ರನ್ನನ ಕ್ರಮವೂ ಇಲ್ಲಿ ಮನನೀಯ. ಗದಾಯುದ್ಧದಲ್ಲಿ ಅವನು ಭಾರತವನ್ನು ಮೊದಲಿನಿಂದ ಹೇಳುತ್ತ ಬರಲಿಲ್ಲ. ಯುದ್ಧದ ಕೊನೆಯ ಘಟ್ಟವನ್ನೇ ಹಿಡಿದು, ಹಿಂದಿನದನ್ನು ಸಿಂಹಾವಲೋಕನದಿಂದ ತಂದನು. ಕಾಲ ಕಿರಿದಾದಾಗ ಕಥೆಯ ಮರ್ಮಸ್ಥಾನದಲ್ಲಿ ನಿಂತು ತೊಡಗುವ ಈ ಉಪಾಯ ಕನ್ನಡಕ್ಕೆ ಸಾವಿರ ವರ್ಷಗಳಷ್ಟು ಹಳೆಯದು.

ಹೈದರಾಬಾದಿನ ಕನ್ನಡಿಗರಿಗೆ ಇದು ಕೇವಲ ಶಿಲ್ಪದ ಪ್ರಶ್ನೆಯಲ್ಲ. ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷುಗಳನ್ನು ಕಲಿತು, ಮನೆಯಲ್ಲಿ ಮಾತ್ರ ಕನ್ನಡವಾಡುವ ಮಗುವಿಗೆ ನಮ್ಮ ಲಿಪಿ ಅಪರಿಚಿತವಾಗಿ ಉಳಿಯಬಹುದು. ಅಂಥ ಮಗುವಿಗೆ ಪಂಪನ ಹೆಸರು ಮೊದಲು ಕಿವಿಗೆ ಬೀಳುವುದು ಪುಸ್ತಕದಿಂದಲ್ಲ, ಇಂಥದೊಂದು ವಿಡಿಯೋದಿಂದ ಆಗಬಹುದು. ನೀರಸವಾದ ಆರಂಭ ಆ ಭೇಟಿಯನ್ನು ತಪ್ಪಿಸುತ್ತದೆ. ಸುಳ್ಳಾದ ಆರಂಭ ಅದನ್ನು ಕೆಡಿಸುತ್ತದೆ. ಮೊದಲನೆಯದು ಮತ್ತೊಂದು ವಿಡಿಯೋದಿಂದ ಸರಿಹೋದೀತು. ಎರಡನೆಯದು ಹಾಗಲ್ಲ, ಒಮ್ಮೆ ವಂಚಿತನಾದ ಕೇಳುಗನು ಮುಂದೆ ನಿಜವನ್ನೂ ನಂಬನು.